ತೆರೆಯದ ಅಂಗಡಿಯ ವಾಸನೆ

ಎದುರಿನ ಖಾಲಿ ಮಳಿಗೆಗೆ ಕರಿದ ತಿಂಡಿಯ ಪಾರ್ಸೆಲ್ ಅಂಗಡಿ ಬರುತ್ತದೆಂದು ಕೇಳಿದಾಗಿನಿಂದ ಇಸ್ತ್ರಿಯವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಡಚಿಟ್ಟ ಬಟ್ಟೆಗೆಲ್ಲ ಎಣ್ಣೆ ವಾಸನೆ ಹತ್ತಿದರೆ ಯಾವ ಗಿರಾಕಿ ಬಂದಾನು?

"ಬರ್ಲಿ ಬಿಡಣ್ಣಾ, ಡ್ಯೂಟಿ ಮುಗಿಸಿ ಬಂದು ಒಲೆ ಹಚ್ಚೋದು ತಪ್ಪುತ್ತೆ," ಎಂದಳು ಪಕ್ಕದ ಮನೆಯ ನರ್ಸು. ಮಹಡಿಯ ಮೇಷ್ಟರು ಮಾತ್ರ, "ಗಲಾಟೆ ಜಾಸ್ತಿ ಆಗುತ್ತಪ್ಪಾ, ನಾನು ನಿನ್ನ ಕಡೆ," ಎಂದು ತಮ್ಮ ಬಿಳಿ ಅಂಗಿ ಕೊಟ್ಟು ಬಾಗಿಲಲ್ಲಿ ಕಾಯುತ್ತಾ ನಿಂತರು.

ಅಷ್ಟಕ್ಕೇ ಅವನಿಗೆ ಆನೆಬಲ ಬಂತು. ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಬಾಗಿಲಿಗೆ ಬಂದವನು, ಬೀಗ ಹಾಕಿದ ಮಳಿಗೆಯತ್ತ ಕೈ ಮಾಡಿ ಕೂಗಾಡತೊಡಗಿದ. ನಡುವೆ ಮೂಗು ಅರಳಿಸಿ, "ನೋಡಿ ಸಾರ್, ಈಗಲೇ ಬಂತು ವಾಸನೆ!" ಎಂದ.

ಮೇಷ್ಟರು ಅವನ ಬೆನ್ನ ಹಿಂದೆ ಏಳುತ್ತಿದ್ದ ಹೊಗೆಯನ್ನೇ ನೋಡುತ್ತಿದ್ದರು.

"ಅದು ಅವರ ತಿಂಡಿ ಅಲ್ಲಪ್ಪಾ, ನನ್ನ ಅಂಗಿ."