ತೂಕಕ್ಕೆ ಮುಂಚೆ ಕುಡಿದ ಮಜ್ಜಿಗೆ

ಆಗೆಲ್ಲ ನಮ್ಮ ಹುಣಸೂರು ಕಡೆ ಸೊಪ್ಪು ಒಣಗಿಸುವ ಬ್ಯಾರನ್ನುಗಳಿಗೆ ಉರಿ ಹಾಕಿದರೆಂದರೆ ಊರಿಗೂರೇ ಹೊಗೆಸೊಪ್ಪಿನ ಸಿಹಿ ಘಾಟು. ನಮ್ಮ ಲಂಗ, ಪುಸ್ತಕ, ಕೊನೆಗೆ ಉಪ್ಪಿಟ್ಟಿಗೂ ಅದೇ ವಾಸನೆ. ಅಂಥದೊಂದು ಸೀಸನ್ನಿನಲ್ಲೇ ಶಾಲೆಗೆ ಡಾಕ್ಟರು ಬಂದು ನಮ್ಮೆಲ್ಲರ ಎತ್ತರ, ತೂಕ ನೋಡಿದ್ದು. ನಾನಾಗ ಆರನೇ ಕ್ಲಾಸು, ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆದಿದ್ದೆ.

"ಎತ್ತರಕ್ಕೆ ತಕ್ಕ ತೂಕ ಇಲ್ವಲ್ಲಮ್ಮ. ಮನೇಲಿ ಊಟ ಹಾಕಲ್ವಾ?" ಎಂದರು, ಎಲ್ಲರೆದುರಿಗೆ. ಮುಂದಿನ ತಿಂಗಳು ಹುಣಸೂರಿನ ಆಸ್ಪತ್ರೆಗೆ ಬಂದು ಮತ್ತೆ ತೋರಿಸಬೇಕಂತೆ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಕಟ್ಟಿಕೊಂಡು ಬಂದವಳು ಚಿಕ್ಕವ್ವ. "ಮಲತಾಯಿ ಮೊಗಿನ ಹೊಟ್ಟೆಗೆ ಇಕ್ಕಾಕಿಲ್ಲ" ಅನ್ನುತ್ತಿದ್ದವರಿಗೆ ಡಾಕ್ಟರೇ ಸಾಕ್ಷಿ ಹೇಳಿದಂತಾಯಿತು. ಪಾಪ, ಮುದ್ದೆಗೆ ತುಪ್ಪ ಸುರಿದು ಬಡಿಸುತ್ತಿದ್ದವಳು ಅಂದು ತಾನೇ ಉಣ್ಣಲಿಲ್ಲ.

ತಿಂಗಳಿಡೀ ಮೊಟ್ಟೆ, ಕಡಲೆಬೀಜ, ಬೆಲ್ಲ ಎಂದು ತುರುಕಿದ್ದೇ ತುರುಕಿದ್ದು. ಆದರೂ ಅವಳಿಗೆ ಧೈರ್ಯವಿಲ್ಲ. ಬ್ಯಾರನ್ನಿನಲ್ಲಿ ಗರಿಗರಿಯಾದ ಸೊಪ್ಪು ಹಗುರ, ಇಬ್ಬನಿ ಕುಡಿದು ಮೆತ್ತಗಾದರೆ ತೂಕ ಅನ್ನುವುದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಚಿಕ್ಕವ್ವ ಅದೇ ಲೆಕ್ಕವನ್ನು ನನ್ನ ಮೇಲೆ ಹಾಕಿದಳು. ಚೊಂಬುಗಟ್ಟಲೆ ಮಜ್ಜಿಗೆ ಕುಡಿಸಿದಳು.

"ಸೊಪ್ಪು ಹದಕ್ಕೆ ಬಂದ್ರೇನೇ ತೂಕ ಕಣವ್ವ. ತೂಕ ಆಗೋಗಂಟ ಒಂದಕ್ಕೆ ಓಗ್‌ಬ್ಯಾಡ."

ಆಸ್ಪತ್ರೆಯಲ್ಲಿ ಉದ್ದದ ಸಾಲು. ನನ್ನ ಸರದಿ ಬರುವಷ್ಟರಲ್ಲಿ ಜೀವ ಹೋಗುವಂತಾಗಿತ್ತು. ಮೆಷಿನ್ ಹತ್ತಿದೆ. ನರ್ಸಮ್ಮ "ನೆಟ್ಟಗೆ ನಿಂತ್ಕೋ" ಎಂದು ಗದರಿದ್ದೇ ತಡ, ಬಿಸಿಯಾಗಿ ಕಾಲುಗುಂಟ ಇಳಿದು ಮೆಷಿನ್ನಿನ ಮೇಲೆಲ್ಲ ಹರಿಯಿತು. ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು! ಚಿಕ್ಕವ್ವ ಮಂಡಿಯೂರಿ ತನ್ನ ಸೆರಗಿನಿಂದಲೇ ಒರೆಸತೊಡಗಿದಳು.

"ಮೊಗಿನ್ನ ಬಯ್‌ಬ್ಯಾಡಿ ಕಣ್ರವ್ವ, ನಾನೇ ಕುಡುಸಿದ್ದು."

ಅವತ್ತು ತೂಕವನ್ನೇ ನೋಡದೆ ನಮ್ಮನ್ನು ಹೊರಗೆ ಕಳಿಸಿದರು.

ವಾಪಸು ಬಸ್ಸಿನಲ್ಲಿ ನಮ್ಮೂರಿನ ಗೌರಕ್ಕ ಪಕ್ಕದಲ್ಲೇ ಬಂದು ಕೂತಳು. "ಇದ್ಯಾಕವ್ವ ಲಂಗ ಒದ್ದೆ?" ಎಂದು ನನ್ನನ್ನೇ ಕೇಳಿದಳು. ನಾನು ಲಂಗವನ್ನು ಮುದುರಿ ಕಾಲಡಿಗೆ ಸೇರಿಸಿಕೊಂಡೆ.

"ನೀರು ಕುಡ್ಸಾಕೋಗಿ ನಾನೇ ಚೆಲ್‌ಬುಟ್ಟೆ ಕಣಕ್ಕ," ಎಂದಳು ಚಿಕ್ಕವ್ವ.

"ಒಂದ್ ಮೊಗಿಗೆ ನೀರು ಕುಡ್ಸಾಕೂ ಬರಾಕಿಲ್ವಾ? ಎತ್ತ ತಾಯಿ ಆಗಿದ್ರೆ ಇಂಗ್ ಮಾಡಾಳಾ?"

ಯಾವ ಮಾತಿಗೆ ತಿಂಗಳಿಡೀ ಹೆದರಿದ್ದಳೋ ಅದನ್ನೇ ಅವಳು ಸುಮ್ಮನೆ ಕೇಳಿಸಿಕೊಂಡಳು, ನನ್ನ ಮಾನ ಉಳಿಸಲಿಕ್ಕೆ. ನಾನೋ, ಕಿಟಕಿಯ ಕಡೆ ತಿರುಗಿ ಕೂತೆ.

ನಮ್ಮ ಬ್ಯಾರನ್ನು ಈಗ ಇಲ್ಲ, ಚಿಕ್ಕವ್ವನೂ ಇಲ್ಲ. ಮೊನ್ನೆ ಮಗಳನ್ನು ಚೆಕಪ್ಪಿಗೆ ಕರೆದೊಯ್ದಿದ್ದೆ. ಡಾಕ್ಟರು ಬಾಗಿಲು ಮುಚ್ಚಿ, ಮೆಲುದನಿಯಲ್ಲಿ, "ಎತ್ತರಕ್ಕೆ ತಕ್ಕ ತೂಕ ಇದೆ, ಬಿಎಂಐ ಸರಿಯಾಗಿದೆ, ಮಗೂನ ಚೆನ್ನಾಗಿ ನೋಡಿಕೊಂಡಿದ್ದೀರಿ" ಎಂದರು. ನನಗೆ ಅಲ್ಲೇ ಅಳು ಬಂತು. ಆ ಮಾತನ್ನು ಚಿಕ್ಕವ್ವನಿಗೆ ಊರಲ್ಲಿ ಒಬ್ಬರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.