ಸೋಮವಾರದ ಸೈರನ್ನು

ಬೀದಿಯವರೆಲ್ಲ ಆಕೆಯನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಹೊಲಿಗೆ ಮಿಷನ್ ರಿಪೇರಿ ಅವಳ ಕಸುಬು. ಯಾರಾದರೂ ಕೆಟ್ಟ ಮಿಷನ್ ತಂದಿಟ್ಟರೆ ಸ್ಕ್ರೂಡ್ರೈವರ್ ಮುಟ್ಟುವುದಕ್ಕೆ ಮೊದಲು ಪೆಡಲನ್ನು ನಾಲ್ಕು ಸಲ ತುಳಿದು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಶಟಲ್ ಸವೆದಿದೆ ಎನ್ನುವಳು, ಇಲ್ಲವೇ ಬೆಲ್ಟ್ ಸಡಿಲಾಗಿದೆ ಎನ್ನುವಳು. ಒಮ್ಮೊಮ್ಮೆ, "ಇದಕ್ಕೇನೂ ಆಗಿಲ್ಲಮ್ಮ, ಸೂಜಿ ಹಿಂದುಮುಂದಾಗಿ ಹಾಕಿದ್ದೀಯ" ಎಂದು ನಕ್ಕು ಹಾಗೇ ಕಳಿಸುವಳು. ಇಪ್ಪತ್ತಾರು ವರ್ಷದಲ್ಲಿ ಅವಳ ಕಿವಿ ತಪ್ಪಿದ್ದು ಕಡಿಮೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಂದು ಗೆರೆ. ಒಂಬತ್ತು ವರ್ಷದ ಹಿಂದೆ, ಮೇಲಿನ ಅಣೆಕಟ್ಟಿನ ಗೇಟನ್ನು ಹೇಳದೆ ಕೇಳದೆ ತೆಗೆದಾಗ ನೀರು ನಿಂತ ಗುರುತು ಅದು. ಅವತ್ತು ಪಕ್ಕದ ಮನೆಯ ಮುದುಕಿ ಮಂಚದಿಂದ ಇಳಿಯಲಾಗದೆ ನೀರಿನಲ್ಲೇ ತೀರಿಹೋದಳು. ಆಮೇಲೆ ಬೀದಿಯವರು ನಗರಸಭೆಗೆ ಅಲೆದೂ ಅಲೆದೂ ಒಂದು ಸೈರನ್ ಹಾಕಿಸಿಕೊಂಡರು. ಬೀದಿಯ ಕೊನೆಯ ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಅದು ಕೂತಿತು. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ಕೂಗಿಸಿ ಪರೀಕ್ಷೆ ಮಾಡಬೇಕೆಂದು ಠರಾವೂ ಆಯಿತು.

ಒಂದು ಸೋಮವಾರ ಹನ್ನೊಂದಕ್ಕೆ ಅವಳು ಅಭ್ಯಾಸದಂತೆ ಕೈ ನಿಲ್ಲಿಸಿ ಕಾದಳು. ಸೈರನ್ ಕೂಗಲಿಲ್ಲ. ಕರೆಂಟ್ ಹೋಗಿರಬೇಕು ಎಂದುಕೊಂಡಳು. ಮರುತಿಂಗಳೂ ಅದೇ. ಮೂರನೆಯ ತಿಂಗಳು ಮೆಟ್ಟಿಲ ಮೇಲೆ ಬಂದು ಕೂತಳು.

ಹನ್ನೊಂದಾಯಿತು. ಎದುರಿಗೆ ಅಂಗಿ ಗುಂಡಿ ಮಾರುವ ಅಂಗಡಿಯ ಅಜ್ಜ ತಲೆ ಎತ್ತಿ ಟ್ಯಾಂಕಿನ ಕಡೆ ನೋಡಿ ಒಂದು ಕಿವಿಗೆ ಅಂಗೈ ಒತ್ತಿಕೊಂಡ. ನಲ್ಲಿಯ ಹತ್ತಿರ ಮಾತಾಡುತ್ತಿದ್ದ ಹೆಂಗಸರು ಮಾತು ನಿಲ್ಲಿಸಿದರು. ಸೈಕಲ್ ಮೇಲೆ ಬರುತ್ತಿದ್ದವನು ಇಳಿದು ನಿಂತ. ಒಂದು ನಿಮಿಷ ಬೀದಿಗೆ ಬೀದಿಯೇ ಹಾಗೆ ನಿಂತಿತ್ತು. ಆಮೇಲೆ ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೊರಳಿದರು. ಅಷ್ಟು ಹೊತ್ತೂ ಅವಳಿಗೆ ಕೇಳಿಸಿದ್ದು ನಲ್ಲಿಯ ತೊಟತೊಟ ಒಂದೇ.

ಬೀದಿ ದಾಟಿ ಹೋದಳು. "ಅಜ್ಜ, ಈಗೇನಾಯ್ತು?"

"ಸೈರನ್ ಅಲ್ವೇನಮ್ಮ. ಇವತ್ತು ಸ್ವಲ್ಪ ಜೋರಾಗೇ ಇತ್ತು."

ಕಿವಿ ಹೋದರೆ ಕಸುಬೇ ಹೋದ ಹಾಗೆ. ಮರುದಿನವೇ ಕಿವಿ ಡಾಕ್ಟರ ಹತ್ತಿರ ಹೋದಳು. ಅವರು ಪರೀಕ್ಷೆ ಮಾಡಿ, "ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ, ಹೋಗಿಬನ್ನಿ" ಎಂದರು.

ಅಲ್ಲಿಂದ ನೇರ ನಗರಸಭೆಗೆ ನಡೆದಳು. ಗುಮಾಸ್ತ ಗೊಣಗುತ್ತಲೇ ಸೈರನ್ ಪರೀಕ್ಷೆಯ ಪುಸ್ತಕ ತೆಗೆದುಕೊಟ್ಟ. ತಿಂಗಳಿಗೊಂದು ಹಾಳೆ. ಮೇಲೆ 'ಸೈರನ್ ಸ್ಪಷ್ಟವಾಗಿ ಕೇಳಿಸಿತು' ಎಂದು ಅಚ್ಚಾಗಿತ್ತು, ಕೆಳಗೆ ಬೀದಿಯ ಮೂವತ್ತು ಮನೆಯವರ ರುಜು. ಹನ್ನೆರಡನೆಯದು ಅವಳ ಗಂಡನದು.

ಗಂಡನಿಗೆ ಬೇಕರಿಯಲ್ಲಿ ಕೆಲಸ. ಬೆಳಗಿನ ಜಾವ ಹೋಗಿ ಬಿಸಿಲೇರುವ ಹೊತ್ತಿಗೆ ಬಂದು ಮಲಗುವವನು. ಊಟಕ್ಕೆ ಕೂತಾಗ ಕೇಳಿದಳು.

"ವಾರ್ಡ್ ಸದಸ್ಯರ ಕಡೆಯವರು ಪುಸ್ತಕ ತಂದ್ರು, ಎಲ್ಲರೂ ಹಾಕಿದ್ರು, ನಾನೂ ಹಾಕ್ದೆ. ಅದಕ್ಕೇನೀಗ? ಸೈರನ್ ಕೇಳಿಸಿದ್ದು ನಿಜಾನೇ ತಾನೆ."

"ಈ ಮೂರು ತಿಂಗಳಲ್ಲಿ ಮೊದಲ್ನೇ ಸಲ ರುಜು ಹಾಕಿದಾಗ ಕೇಳಿಸಿತ್ತಾ?"

ಅವನು ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. "ಅವತ್ತು ನಿದ್ದೆಯಲ್ಲಿದ್ದೆ. ಆಮೇಲಿಂದ ಪ್ರತಿ ಸಲ ಕೇಳಿಸ್ತಿದೆ. ನಿದ್ದೆಯಿಂದ ಎಬ್ಬಿಸಿಬಿಡುತ್ತೆ."

ಅವನು ಸುಳ್ಳು ಹೇಳುವವನಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು.

ವಾರ್ಡ್ ಸಭೆಯಲ್ಲಿ ಎದ್ದು ನಿಂತಳು. ವಾರ್ಡಿನ ಸದಸ್ಯ ಕೆಟ್ಟವನೇನಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬರುವವನು, ಹೆಗಲು ಕೊಡುವವನು. ಅವಳ ಅಭಿಪ್ರಾಯದಲ್ಲಿ ನಗರಸಭೆಯಲ್ಲಿ ಕಳ್ಳರಿಗಿಂತ, ಹೋಗಿ ಒಮ್ಮೆ ನೋಡಿಬರಲು ಬೇಸರಪಡುವವರೇ ಹೆಚ್ಚು.

"ಅಕ್ಕ, ಮೂವತ್ತು ಮನೆಯವರಿಗೆ ಕೇಳಿಸಿದೆ, ನಿಮಗೊಬ್ಬರಿಗೆ ಕೇಳಿಸಿಲ್ಲ. ನಾನು ಏನಂತ ಬರೆಸಲಿ?"

"ಒಬ್ಬಳಿಗೆ ಕೇಳಿಸಲಿಲ್ಲ ಅಂತಾನೇ ಬರೆಸಿ. ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ನೀವು. ಕೊಟ್ಟಿಗೆಗೆ ಹೋಗಿ ನೋಡಿದವರು ಯಾರು? ಹೆಸರು ಹೇಳಿ ಸಾಕು."

ಯಾರೂ ನಗಲಿಲ್ಲ. ಗುಮಾಸ್ತ ಪೆನ್ನು ಎತ್ತಿ ಸದಸ್ಯನ ಮುಖ ನೋಡಿ ಮತ್ತೆ ಕೆಳಗಿಟ್ಟ. ಹೊರಗೆ ಬರುವಾಗ ಹೆಂಗಸೊಬ್ಬಳು, "ಊರ ಉಸಾಬರಿ ಯಾಕಕ್ಕ ನಿಮಗೆ" ಎಂದು ಮೆಲ್ಲಗೆ ಹೇಳಿ ಸರಿದುಹೋದಳು. ಆ ವಾರ ಅವಳಿಗೆ ರಿಪೇರಿಗೆ ಬಂದದ್ದು ಒಂದೇ ಮಿಷನ್ನು.

ಮುಂದಿನ ತಿಂಗಳ ಮೊದಲ ಸೋಮವಾರ ಹತ್ತೂವರೆಗೆ ಅವಳು ಟ್ಯಾಂಕಿನ ಬುಡದಲ್ಲಿದ್ದಳು. ಕಾವಲುಗಾರ ತಡೆಯಲಿಲ್ಲ. "ನಾನು ಪ್ರತಿ ಸಲ ಸರಿಯಾಗಿ ಬಟನ್ ಒತ್ತೀನಿ, ಕೆಂಪು ದೀಪ ಹತ್ತುತ್ತೆ. ಬೇಕಾದ್ರೆ ಹತ್ತಿ ನೋಡಿಕೊಳ್ಳಿ. ಸೈರನ್ ಹತ್ತಿರ ಕಿವಿ ಮಾತ್ರ ಜೋಪಾನ" ಎಂದ.

ಐವತ್ತೆರಡರ ಪ್ರಾಯದಲ್ಲಿ ಕಬ್ಬಿಣದ ಏಣಿ ಹತ್ತುವುದು ಸುಲಭವಲ್ಲ. ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಮೇಲೆ ಹೋಗಿ ನೋಡಿದರೆ ಸೈರನ್ನಿನ ತಗಡಿನ ಗೂಡು ಇತ್ತು, ಅದರ ಅಗಲ ಬಾಯಿಯೂ ಇತ್ತು. ಒಳಗೆ ಮೋಟರ್ ಇರಲಿಲ್ಲ. ಕೂರಿಸಿದ್ದ ಜಾಗದಲ್ಲಿ ನಾಲ್ಕು ತೂತು, ಟೇಪ್ ಸುತ್ತಿದ ಎರಡು ವೈರು, ಒಂದಿಷ್ಟು ಒಣಹುಲ್ಲು. ರಿಪೇರಿಗೆಂದು ಯಾರೋ ಬಿಚ್ಚಿ ಒಯ್ದವರು ತಂದು ಹಾಕಲು ಮರೆತಿದ್ದರು.

ಕೆಳಗೆ ಕಾವಲುಗಾರ, "ಒತ್ತಿದೆ" ಎಂದು ಕೂಗಿದ.

ಗೂಡಿನಿಂದ ಗಾಳಿಯ ಸದ್ದೂ ಬರಲಿಲ್ಲ. ಅವಳು ಕಂಬಿ ಹಿಡಿದು ಕೆಳಗೆ ನೋಡಿದಳು. ಬೀದಿ ನಿಂತಿತ್ತು. ನಲ್ಲಿಯ ಹತ್ತಿರ, ಅಂಗಡಿಗಳ ಬಾಗಿಲಲ್ಲಿ, ಕಿಟಕಿಗಳಲ್ಲಿ, ಎಲ್ಲ ಮುಖಗಳೂ ಮೇಲೆತ್ತಿ ಅವಳಿದ್ದ ಕಡೆಗೇ ನೋಡುತ್ತಿದ್ದವು. ಅವಳ ಮನೆಯ ಮೆಟ್ಟಿಲ ಮೇಲೆ ನಿದ್ದೆಗಣ್ಣಿನ ಗಂಡ. ಬುಡದಲ್ಲಿ ಕಾವಲುಗಾರ ಎರಡೂ ಕಿವಿ ಮುಚ್ಚಿಕೊಂಡು ಮುಖ ಕಿವುಚಿದ್ದ. ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ ಅವಳಿಗೆ, ಕೇಳಿಸಿದರೆ ಸಾಕಪ್ಪ, ನನಗೂ ಕೇಳಿಸಿಬಿಡಲಿ ಎನಿಸಿಬಿಟ್ಟಿತು.

ಅವಳು ಸದಸ್ಯನನ್ನು ಕರೆತಂದು ಅದೇ ಏಣಿ ಹತ್ತಿಸಿದಳು. ಅವನು ಖಾಲಿ ಗೂಡಿನೊಳಗೆ ಕೈ ಹಾಕಿ, ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದ. ಇಳಿದ ಮೇಲೆ ಕೈಗಂಟಿದ ತುಕ್ಕು ಒರೆಸಿಕೊಂಡ. "ಅಕ್ಕ, ನನಗೂ ಕೇಳಿಸ್ತಿತ್ತು" ಎಂದ.

"ಕೇಳಿಸಿರಬಹುದಪ್ಪ. ಮೋಟರ್ ಯಾವಾಗ ಬರುತ್ತೆ?"

ಹದಿನೈದು ದಿನದಲ್ಲಿ ಬಂತು. ಅವನು ತಾನೇ ನಿಂತು ಹಾಕಿಸಿದ. ಒಂದು ಗುರುವಾರ ಮಧ್ಯಾಹ್ನ, ಯಾರಿಗೂ ಹೇಳದೆ, ಕೆಲಸದವರು ಅದನ್ನು ಕೂಗಿಸಿ ನೋಡಿದರು. ಅವಳು ಶಟಲ್ಲಿಗೆ ಎಣ್ಣೆ ಬಿಡುತ್ತಿದ್ದಳು. ಸದ್ದು ಗೋಡೆಯನ್ನೇ ಹಿಡಿದು ಅಲ್ಲಾಡಿಸಿದಂತಾಯಿತು. ಹೊರಗೆ ಓಡಿಬಂದಳು.

ಬೀದಿಯಲ್ಲಿ ಒಬ್ಬರೂ ತಲೆ ಎತ್ತಿರಲಿಲ್ಲ. ನಲ್ಲಿಯ ಹತ್ತಿರ ಮಾತು ನಡೆದೇ ಇತ್ತು. ಅಜ್ಜ ಬಗ್ಗಿ ಏನನ್ನೋ ಹುಡುಕುತ್ತಿದ್ದ. ಆ ಕೂಗಿನ ನಡುವೆ ಬೀದಿ ತನ್ನ ಪಾಡಿಗೆ ತಾನು ಇತ್ತು.

ಹಿಂದಿನಿಂದ ಗಂಡ ಬಾಗಿಲಿಗೆ ಬಂದ. "ಏನೇ ಇದು ಸದ್ದು?"

"ಸೈರನ್."

"ಹಾಗಾದ್ರೆ ನಾನು ಇಷ್ಟು ದಿನ ಕೇಳಿದ್ದು ಯಾವುದು?"

ಅವಳು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಮರುದಿನ ಅವನು ನಗರಸಭೆಗೆ ಹೋಗಿ, ತನ್ನ ರುಜುಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿ ಬಂದ.

ಗುರುವಾರ ಕೂಗಿದ್ದೇ ನಿಜವಾದ ಸೈರನ್ ಎಂದು ಅವಳು ಮನೆ ಮನೆಗೆ ಹೋಗಿ ಹೇಳಿದಳು. ಕೆಲವರು ಹೂಂ ಎಂದರು. ಕೆಲವರು ಬಾಗಿಲು ಅರ್ಧ ಮಾತ್ರ ತೆರೆದರು. ಅಜ್ಜನಂತೂ ವಾದಕ್ಕೇ ನಿಂತ. "ಗುರುವಾರ ಎಲ್ಲಿಯ ಸೈರನ್ನಮ್ಮ? ಸೋಮವಾರ ತಾನೆ ಅದು."

ಅವಳು ಬಿಡಲಿಲ್ಲ. ಮುಂದಿನ ಸಭೆಯಲ್ಲಿ ಹೊಸ ಠರಾವು ಮಾಡಿಸಿದಳು. ಪರೀಕ್ಷೆ ಯಾವ ದಿನವಾದರೂ, ಯಾವ ಹೊತ್ತಾದರೂ ಆಗಬಹುದು. ಪುಸ್ತಕದಲ್ಲಿ ಅಚ್ಚಾದ ಸಾಲು ಬೇಡ. ಯಾರಿಗೆ ಎಷ್ಟು ಗಂಟೆಗೆ ಏನು ಕೇಳಿಸಿತೋ ಅವರೇ ಕೈಯಾರೆ ಬರೆಯಬೇಕು. ಈ ಸಲ ಗುಮಾಸ್ತ ಸದಸ್ಯನ ಮುಖ ನೋಡದೆಯೇ ಬರೆದುಕೊಂಡ.

ಮೊದಲ ಪರೀಕ್ಷೆ ಒಂದು ಬುಧವಾರ ನಾಲ್ಕೂ ಹತ್ತಕ್ಕೆ ಆಯಿತು. ಪುಸ್ತಕ ಬೀದಿ ಸುತ್ತಿ ಬಂದಾಗ ಇಪ್ಪತ್ತು ಮನೆಯವರು ಹನ್ನೊಂದು ಗಂಟೆ ಎಂದು ಬರೆದಿದ್ದರು.

ಎರಡನೆಯ ಪರೀಕ್ಷೆಯ ಹೊತ್ತನ್ನು ಕಾವಲುಗಾರನಿಂದ ಮೊದಲೇ ತಿಳಿದುಕೊಂಡು, ಪುಸ್ತಕ ಹಿಡಿದು ಅವಳು ಬೇಕೆಂದೇ ಅಜ್ಜನ ಅಂಗಡಿಯಲ್ಲಿ, ಅವನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಸೈರನ್ ಕೂಗಿತು. ಅಜ್ಜ ಮಾತಾಡುತ್ತಲೇ ಇದ್ದ. ಆಮೇಲೆ ತಟ್ಟನೆ ಸುಮ್ಮನಾದ. ಗಲ್ಲಾ ಮೇಜಿನ ಮೇಲಿದ್ದ ಗಾಜಿನ ಡಬ್ಬಿಗಳಲ್ಲಿ ಗುಂಡಿಗಳು ತಾವೇ ಕುಣಿಯುತ್ತಿದ್ದವು. ಅವನು ಒಂದು ಡಬ್ಬಿಯ ಮೇಲೆ ಕೈ ಇಟ್ಟ. ಕೈಯೂ ನಡುಗಿತು.

"ಪುಸ್ತಕ ಕೊಡಮ್ಮ" ಎಂದ.

ಕನ್ನಡಕ ಹಾಕಿಕೊಂಡು, ಗಡಿಯಾರ ನೋಡಿ, ನಿಧಾನವಾಗಿ ಬರೆದ: 'ಮೂರು ಗಂಟೆ ಐದು ನಿಮಿಷ. ಡಬ್ಬಿಗಳು ನಡುಗಿದವು. ನನಗೆ ಏನೂ ಕೇಳಿಸಲಿಲ್ಲ.' ಅದರ ಕೆಳಗೆ ರುಜು ಹಾಕಿದ.