ಕುರಿ ಕರೆದ ಫೋನು

ಫೋನು ಕೊಳ್ಳಲು ಹೋದ ಚಿತ್ರಲಿಂಗಪ್ಪ ಅದನ್ನು ಟಗರು ನೋಡುವ ಹಾಗೆ ನೋಡಿದ. ಅಂಗೈಯಲ್ಲಿಟ್ಟು ತೂಗಿದ, ಬೆನ್ನು ಸವರಿದ, ಕೊನೆಗೆ ಕೂಗಿಸಿ ಕೇಳಿದ. ಹಿರೇಗುಂಟನೂರಿನ ಕಡೆಯ ಹಟ್ಟಿಯವನು, ಐವತ್ತೈದು ದಾಟಿದವನು. ಅರವತ್ತನಾಲ್ಕು ಕುರಿ, ಹೆಂಡತಿ ಈರಕ್ಕ, ಎರಡು ಕಂಬಳಿ. ವರ್ಷದಲ್ಲಿ ಎಂಟು ತಿಂಗಳು ಕಂಡವರ ಹೊಲದಲ್ಲಿ ಮಂದೆ ನಿಲ್ಲಿಸಿ, ಗೊಬ್ಬರ ಕೊಟ್ಟು ಕಾಳು ಪಡೆಯುವ ಬದುಕು.

ಚಿತ್ರದುರ್ಗದ ಅಂಗಡಿಯ ರಘುನಾಥ್ ಸುಳ್ಳು ಹೇಳಿ ಮಾರುವ ಮನುಷ್ಯನಲ್ಲ. ಬ್ಯಾಟರಿ ಮೂರು ದಿನ ಬರುತ್ತದೆ, ದನಿ ಜೋರು, ಕೈಜಾರಿ ಬಿದ್ದರೂ ತಡೆಯುತ್ತದೆ. ಫೋಟೊ ಮಬ್ಬು, ಓಡುವುದನ್ನಂತೂ ಹಿಡಿಯುವುದೇ ಇಲ್ಲ. ಬೆರಳಿಟ್ಟರೆ ತೆರೆಯುವ ಬೀಗ ಅಷ್ಟಕ್ಕಷ್ಟೆ ಎಂದು ಎಲ್ಲವನ್ನೂ ಬಿಡಿಸಿ ಹೇಳಿದ.

‘ಈ ದುಡ್ಡಿಗೆ ಎಲ್ಲಾ ಸಿಗಲ್ಲ ಯಜಮಾನ್ರೇ. ಒಂದು ಬೇಕಂದ್ರೆ ಒಂದು ಬಿಡ್ಬೇಕು.’

‘ಫೋಟ ಕಟ್ಕಂಡು ನಾನೇನ್ ಮಾಡ್ಲಪ್ಪ, ಕೂಗು ದೂರಕ್ಕೆ ಕೇಳಿದ್ರೆ ಸಾಕು.’

ಬೆರಳಿನ ಬೀಗವನ್ನು ಏಳೆಂಟು ಸಲ ಹಾಕಿ ನೋಡಿದರು. ನಲವತ್ತು ವರ್ಷ ಹಗ್ಗ, ಜಾಲಿಮುಳ್ಳು, ಉಣ್ಣೆ ಕತ್ತರಿ ತಿಕ್ಕಿ ತಿಕ್ಕಿ ಸವೆಸಿದ ಬೆರಳು. ಯಂತ್ರಕ್ಕೆ ಅದು ಬೆರಳೆಂದೇ ತಿಳಿಯಲಿಲ್ಲ. ಅಂಕಿಯ ಬೀಗ ಹಾಕಿಕೊಡುತ್ತೇನೆಂದರೆ ಚಿತ್ರಲಿಂಗಪ್ಪ ನಕ್ಕುಬಿಟ್ಟ; ಹಟ್ಟಿಯಲ್ಲಿ ಅವನ ಗುಡಿಸಲಿಗೇ ಚಿಲಕವಿಲ್ಲ. ಬೀಗವಿಲ್ಲದ ಫೋನು ಅವನ ಜೇಬು ಸೇರಿತು. ಬಡವರಿಗೆಂದೇ ಅಗ್ಗದ ಫೋನು ಮಾಡುವವರು ಅದನ್ನು ಯಾರ ಬೆರಳಿಟ್ಟು ಪರೀಕ್ಷಿಸುತ್ತಾರೋ ಕಾಣೆ. ದುಡಿದ ಬೆರಳಂತೂ ಅಲ್ಲ.

ಆ ಚಳಿಗಾಲ ಗಂಟಲು ಕಟ್ಟಿ ನಾಲ್ಕು ದಿನ ಅವನಿಗೆ ಕೂಗಲಾಗಲಿಲ್ಲ, ಕುರಿಗಳು ದಿಕ್ಕೆಟ್ಟು ತಿರುಗಿದವು. ಗಂಟಲು ಸರಿಯಾದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ತನ್ನ ಕೂಗನ್ನು ಫೋನಿನಲ್ಲಿ ತುಂಬಿಟ್ಟದ್ದು. ನಾಲಿಗೆ ಅಂಗುಳಕ್ಕೆ ಹೊಡೆದು ಹೊರಡಿಸುವ ‘ಹುರ್ರ್’, ಅದರ ಬಾಲದಲ್ಲಿ ಉದ್ದಕ್ಕೆ ಎಳೆದ ‘ಓ’. ಫೋನನ್ನು ಬಂಡೆಯ ಮೇಲಿಟ್ಟು ದೂರ ನಿಂತ. ಅರವತ್ತನಾಲ್ಕೂ ಬಂದು ಬಂಡೆಯನ್ನು ಸುತ್ತಿ ನಿಂತವು.

‘ಇನ್ನ ನೀನ್ಯಾಕೆ,’ ಎಂದಳು ಈರಕ್ಕ. ‘ಇದುನ್ನೇ ಇಟ್ಕಂತೀನಿ. ಮುದ್ದೆ ಕೇಳಲ್ಲ, ಬೀಡಿ ಕೇಳಲ್ಲ.’

ಮಾಘದಲ್ಲಿ ಮಂದೆ ಹಿರಿಯೂರಿನ ಪಕ್ಕ ಬಬ್ಬೂರಿನ ಹೊಲವೊಂದರಲ್ಲಿತ್ತು. ಯೋಗೇಶ್ ಎಂಬ ಕುರಿ ವ್ಯಾಪಾರಿ ಟಗರು ನೋಡಲು ಬಂದ. ವ್ಯಾಪಾರ ಕುದುರಲಿಲ್ಲ. ಚಿತ್ರಲಿಂಗಪ್ಪ ಮಾತ್ರ ಫೋನು ಕುರಿ ಕರೆಯುವುದನ್ನು ಹೆಮ್ಮೆಯಿಂದ ತೋರಿಸಿದ. ಯೋಗೇಶ್ ಬೆರಗಾದವನ ಹಾಗೆ ಅದನ್ನು ಕೈಗೆ ತೆಗೆದುಕೊಂಡು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಅಷ್ಟರಲ್ಲಿ ಆ ಕೂಗನ್ನು ತನ್ನ ಫೋನಿಗೆ ಕಳಿಸಿಕೊಂಡಿದ್ದ. ಬೀಗವಿಲ್ಲ, ಕೇಳುವವರಿಲ್ಲ. ಫೋನನ್ನು ಮರ್ಯಾದೆಯಿಂದ ವಾಪಸು ಕೊಟ್ಟು, ಬರುತ್ತೇನೆ ಅಣ್ಣ ಎಂದು ಹೇಳಿ ಹೋದ.

ಮೂರನೆಯ ದಿನ ಹೇಳಿದ ಹಾಗೇ ಬಂದ. ಬೆಳಗಿನ ಏಳು ಗಂಟೆ, ಈರಕ್ಕ ನೀರಿಗೆ ಹೋಗಿದ್ದಳು. ಬಿಳಿ ಕ್ಯಾಂಟರ್ ಗಾಡಿ, ಯೋಗೇಶನ ಜೊತೆ ಇನ್ನಿಬ್ಬರು. ಚಿತ್ರಲಿಂಗಪ್ಪ ‘ಬರ್ರಿ’ ಅನ್ನಲು ಬಾಯಿ ತೆರೆದ. ಕಬ್ಬಿಣದ ರಾಡು ಆ ಬಾಯಿಗೇ ಬಿತ್ತು. ಅದು ಗುರಿ ತಪ್ಪಿ ಬಿದ್ದ ಏಟಲ್ಲ. ಕೂಗುವವನ ಬಾಯಿ ಮೊದಲು ಮುರಿಯಬೇಕು ಎಂದು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ದವಡೆ ಎರಡು ಕಡೆ ಮುರಿಯಿತು, ಹಲ್ಲು ಮಣ್ಣಿಗೆ ಉದುರಿದವು. ಬಿದ್ದವನ ಪಕ್ಕೆಗೆ ಬೂಟಿನಲ್ಲಿ ಒದ್ದರು. ಎದ್ದು ಕೋಲು ಹಿಡಿಯಹೋದ ಕೈಯನ್ನು ಹಿಮ್ಮಡಿಯಲ್ಲಿ ಅರೆದರು.

ರಕ್ತದ ವಾಸನೆಗೆ ಕುರಿಗಳು ಬೆದರಿ ಚದುರಿದವು. ಹಿಡಿದು ಎಳೆದರೆ ಬರಲಿಲ್ಲ. ಒಂದು ಕುರಿಯ ಕಾಲನ್ನು ರಾಡಿನಿಂದ ಮುರಿದರು, ಉಳಿದವು ಇನ್ನೂ ದೂರ ಓಡಿದವು. ಆಗ ಯೋಗೇಶ್ ತನ್ನ ಫೋನನ್ನು ಗಾಡಿಯೊಳಗಿಟ್ಟು ಕೂಗು ಹಾಕಿದ.

ಹುರ್ರ್ ಓ.

ಕುರಿಗಳು ನಿಂತವು, ತಿರುಗಿದವು, ಬಂದವು. ಒಡೆಯ ಹಾದಿಗಡ್ಡವಾಗಿ ಬಿದ್ದಿದ್ದ. ಅವನ ಮೈ ತುಳಿದುಕೊಂಡೇ ಅವನ ದನಿಯ ಹಿಂದೆ ಹಲಗೆ ಹತ್ತಿ ಗಾಡಿ ಸೇರಿದವು. ಬೇಡವೆಂದು ಕೂಗಲು ಹೋದರೆ ಚಿತ್ರಲಿಂಗಪ್ಪನ ಬಾಯಿಂದ ರಕ್ತದ ಗುಳ್ಳೆ ಹೊರಟಿತೇ ಹೊರತು ದನಿಯಲ್ಲ.

ನೀರಿನ ಕೊಡ ಎಸೆದು ಓಡಿಬಂದ ಈರಕ್ಕ, ಗಂಡನ ಜೇಬಿನಿಂದ ಫೋನು ಕಿತ್ತು ಓಡುತ್ತಿದ್ದ ಗಾಡಿಯ ಫೋಟೊ ತೆಗೆದಳು. ಅದೇ ಫೋನಿನಿಂದ ಹೊಲದ ಒಡೆಯನನ್ನು ಕರೆದು ಗಂಡನನ್ನು ಆಸ್ಪತ್ರೆಗೆ ಸಾಗಿಸಿದಳು. ಸ್ಟೇಷನ್ನಿನಲ್ಲಿ ಫೋಟೊ ನೋಡಿದರೆ ಒಂದು ಬಿಳಿ ಮಬ್ಬು, ಅದರ ಹಿಂದೊಂದಿಷ್ಟು ಧೂಳು. ಇದರಲ್ಲಿ ಗಾಡಿ ನಂಬರು ಎಲ್ಲೈತಮ್ಮ ಎಂದು ಕೇಳಿದರು. ಮೊನ್ನೆ ಟಗರು ನೋಡಿ ಹೋದ ಯೋಗೇಶನ ಮೇಲೆ ಅನುಮಾನವೆಂದರೆ ನೀನು ಕಣ್ಣಾರೆ ನೋಡಿದೆಯಾ ಎಂದರು. ನೋಡಿದವನ ದವಡೆಗೆ ತಂತಿ ಬಿಗಿದಿತ್ತು, ಕೈಗೆ ಪಟ್ಟಿ ಸುತ್ತಿತ್ತು. ಅವನ ಬಾಯಿಂದ ಹೊರಟದ್ದು ಬರೀ ಗೊರಗೊರ.

ಐದನೆಯ ದಿನ ಹೊಳಲ್ಕೆರೆ ಕಡೆಯ ನೆಂಟ ಸಣ್ಣಪ್ಪ ಸುದ್ದಿ ತಂದ: ಊರಾಚೆಯ ದೊಡ್ಡಿಯೊಂದರಲ್ಲಿ ಕುರಿ ಕೂಡಿದ್ದಾರೆ, ಒಂದಕ್ಕೂ ನೆಟ್ಟಗೆ ಕಿವಿಯಿಲ್ಲ. ಯಾರ ಕುರಿಯೆಂದು ಗೊತ್ತಾಗಲು ಕಿವಿಯ ಅಂಚನ್ನು ಚೂರು ಕತ್ತರಿಸಿ ಗುರುತು ಮಾಡುವುದು ವಾಡಿಕೆ. ಯೋಗೇಶ್ ಆ ಗುರುತನ್ನು ಅರ್ಧ ಕಿವಿ ಸಮೇತ ಕತ್ತರಿಸಿ ಎಸೆದಿದ್ದ. ಗಂಡ ಹೆಂಡತಿ ಪೊಲೀಸರನ್ನು ಕರೆದುಕೊಂಡು ದೊಡ್ಡಿಗೆ ಹೋದಾಗ ಐವತ್ತೆರಡು ಕುರಿ ಉಳಿದಿದ್ದವು. ಗಾಯದ ತುಂಬ ನೊಣ.

ಸಬ್ ಇನ್ಸ್‌ಪೆಕ್ಟರ್ ಎದುರಿಗೆ ಯೋಗೇಶ್ ಅಳುಕಲಿಲ್ಲ. ಸಂತೆಯಲ್ಲಿ ಕೊಂಡ ಮಾಲು ಎಂದ. ಬೇಕಿದ್ದರೆ ನೋಡಿ, ನನ್ನ ಮಾತು ಹೇಗೆ ಕೇಳುತ್ತವೆ ಎಂದು ಫೋನು ತೆಗೆದು ಕೂಗು ಹಾಕಿದ. ಕುರಿಗಳು ಅವನ ಕಾಲ ಬಳಿ ಬಂದು ನಿಂತವು. ಸಬ್ ಇನ್ಸ್‌ಪೆಕ್ಟರ್ ತಂತಿ ಬಿಗಿದ ಮನುಷ್ಯನ ಕಡೆ ತಿರುಗಿ, ನಿಮ್ಮವಾದರೆ ನೀವೂ ಕರೆಯಿರಿ ಎಂದ. ಆ ಮಾತು ಆಡುವಾಗ ಅವನ ಕಣ್ಣಿಗೆ ತಂತಿ ಕಾಣಲಿಲ್ಲವೇ? ಕಂಡಿತ್ತು. ಸುಲಭವಾಗಿ ಮುಗಿಯುವ ಕೆಲಸ ಯಾವುದೆಂಬುದೂ ಕಂಡಿತ್ತು.

ಈರಕ್ಕ ಮುಂದೆ ಬಂದಳು.

‘ಆ ಫೋನ್ ಈಸ್ಕಳ್ರಿ ಸಾರ್. ಅವನ ಬಾಯಾಗೇ ಕೂಗ್ಲಿ. ದವಡೆ ಮುರ್ದಿರೋದು ನಮ್ಮನೆಯವರ್ದು, ಅವಂದಲ್ಲ.’

ಯೋಗೇಶ್ ಕೂಗಿದ. ಬಾ ಬಾ ಎಂದ, ನಾಲಿಗೆ ಆಡಿಸಿದ, ಸೀಟಿ ಹೊಡೆದ. ಕುರಿಗಳು ಅವನಿಂದ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡವು. ಕಾನ್‌ಸ್ಟೇಬಲ್ ಒಬ್ಬ ನಕ್ಕ. ಆ ನಗುವಿಗೆ ಉರಿದ ಯೋಗೇಶ್ ಎದುರಿಗಿದ್ದ ಗಬ್ಬದ ಕುರಿಯ ಹೊಟ್ಟೆಗೆ ಒದ್ದ.

ಚಿತ್ರಲಿಂಗಪ್ಪ ಸರಿಯಿದ್ದ ಕೈಯಲ್ಲಿ ಕೋಲು ಬೀಸಿದ. ಯೋಗೇಶನ ಮುಂಗೈ ಮುರಿದ ಸದ್ದು ದೊಡ್ಡಿಗೆಲ್ಲ ಕೇಳಿತು. ಬಿದ್ದವನ ಬೆನ್ನಿಗೆ, ಭುಜಕ್ಕೆ, ಮತ್ತೆ ಬೆನ್ನಿಗೆ ಹೊಡೆದ. ತಂತಿಯ ಸಂದಿಯಿಂದ ಜೊಲ್ಲು ರಕ್ತ ಒಟ್ಟಿಗೆ ಸುರಿಯುತ್ತಿದ್ದವು. ಇಬ್ಬರು ಪೊಲೀಸರು ಹಿಡಿದು ಎಳೆಯುವವರೆಗೆ ಹೊಡೆದ. ಎಳೆಯಲು ಅವರೂ ಅವಸರ ಮಾಡಲಿಲ್ಲ ಎಂದು ಸಣ್ಣಪ್ಪ ಹೇಳುತ್ತಾನೆ.

ಕೇಸು ಎರಡಾದವು. ಯೋಗೇಶನ ಮೇಲೆ ದರೋಡೆಯದು, ಚಿತ್ರಲಿಂಗಪ್ಪನ ಮೇಲೆ ಪೊಲೀಸರೆದುರೇ ಹೊಡೆದದ್ದು. ಕಾಗದದ ಮೇಲೆ ಇಬ್ಬರೂ ಆರೋಪಿಗಳು, ಇಬ್ಬರಿಗೂ ಒಂದೇ ಸಾಲಿನ ಬೆಂಚು. ಕುರಿಗಳು ವಾಪಸು ಬಂದವು. ಯೋಗೇಶನ ಫೋನು ಸ್ಟೇಷನ್ ಸೇರಿತು. ಉಳಿದಿಬ್ಬರು ಸಿಗಲಿಲ್ಲ. ದನಿ ಅವರ ಫೋನಿನಲ್ಲೂ ಇತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಮೂರು ವಾರದ ಮೇಲೆ, ಹೊಸದುರ್ಗದ ರಸ್ತೆ ಪಕ್ಕ ಮಂದೆ ಮೇಯುತ್ತಿದ್ದಾಗ. ನಡುಮಧ್ಯಾಹ್ನ ಒಂದು ಪಿಕಪ್ ನಿಧಾನವಾಯಿತು. ಅದರ ಕಿಟಕಿಯಿಂದ ಅದೇ ಕೂಗು ಬಂತು. ಸಿಗದೆ ಉಳಿದ ಆ ಇಬ್ಬರೇ; ಕದಿಯಲು ಬಂದವರಲ್ಲ, ಕೇಸು ವಾಪಸು ತಗೋ ಎಂದು ಬೆದರಿಸಲು ಬಂದವರು. ಕುರಿಗಳು ತಲೆಯೆತ್ತಿ ರಸ್ತೆಗೆ ನುಗ್ಗಿದವು. ಗಾಡಿ ಕೂಗುತ್ತಲೇ ವೇಗ ಹೆಚ್ಚಿಸಿತು, ಕುರಿಗಳು ಡಾಂಬರಿನ ಮೇಲೆ ಅದರ ಹಿಂದೆ ಓಡಿದವು. ಹಿಂದಿನಿಂದ ಬಂದ ಲಾರಿಗೆ ನಿಲ್ಲಿಸಲಾಗಲಿಲ್ಲ. ಆರು ಅಲ್ಲೇ ಅಪ್ಪಚ್ಚಿಯಾದವು. ಏಳನೆಯದರ ಸೊಂಟ ಮುರಿದು ಮುಂಗಾಲಲ್ಲಿ ತೆವಳುತ್ತಿತ್ತು. ಈರಕ್ಕ ಅದರ ಕಾಲು ಹಿಡಿದಳು, ಚಿತ್ರಲಿಂಗಪ್ಪ ಕತ್ತು ಕುಯ್ದ.

ಈ ಜಿಲ್ಲೆಯಲ್ಲಿ ಕುರಿ ಕದ್ದರೆ ಒಂದು ಕಲಮು ಇದೆ, ದವಡೆ ಮುರಿದರೆ ಇನ್ನೊಂದಿದೆ. ಮನುಷ್ಯನ ಕೂಗನ್ನು ಕದ್ದು ಅವನ ಕುರಿಗಳನ್ನೇ ಕೊಲ್ಲಿಸಿದರೆ ಯಾವ ಕಲಮು ಎಂದು ಕೇಳಿದರೆ, ಬರೆದು ಕೊಡಿ ನೋಡೋಣ ಎನ್ನುತ್ತಾರೆ. ಬರೆದು ಕೊಟ್ಟಿದೆ.

ಚಿತ್ರಲಿಂಗಪ್ಪ ನೋಡೋಣ ಎಂದು ಕೂರಲಿಲ್ಲ. ಮರುದಿನ ಬೆಳಿಗ್ಗೆ ಮುಳ್ಳುಬೇಲಿಯ ಒಳಗೆ ಕುರಿಗಳನ್ನು ಕೂಡಿ, ತನ್ನ ಫೋನನ್ನು ಈರಕ್ಕನ ಕೈಗೆ ಕೊಟ್ಟು, ಕೂಗು ಹಾಕು ಎಂದು ಕೈಸನ್ನೆ ಮಾಡಿದ. ತಾನು ಕೋಲು ಹಿಡಿದು ಪಕ್ಕದಲ್ಲಿ ನಿಂತ. ಕೂಗು ಹೊರಟಿತು. ಮಂದೆಯ ಮುಂದಾಳು ಕುರಿ ಎಲ್ಲಕ್ಕಿಂತ ಮೊದಲು ಬಂತು. ಅದರ ಮೂಗಿಗೆ ಹೊಡೆದ. ಎರಡನೆಯದು ಬಂತು, ಹೊಡೆದ. ಹುಲ್ಲಿನ ಹಸಿವಿಗೋ ಹಳೆಯ ನಂಬಿಕೆಗೋ ಅವು ಬರುತ್ತಲೇ ಇದ್ದವು, ಇವನು ಹೊಡೆಯುತ್ತಲೇ ಇದ್ದ. ನಲವತ್ತು ವರ್ಷದಲ್ಲಿ ಒಂದು ಕುರಿಯ ಮೇಲೂ ಕೋಲು ಬಿಟ್ಟವನಲ್ಲ. ಮೂಗಿನಲ್ಲಿ ರಕ್ತ ಬಂದ ಕುರಿ ಅವನನ್ನೇ ನೋಡುತ್ತಿತ್ತು.

‘ಸಾಕು ಬಿಡು,’ ಎಂದಳು ಈರಕ್ಕ. ‘ಪಾಪ ಬರ್ತೈತೆ.’

ತಂತಿಯೊಳಗಿನಿಂದ ಅವನು ಮಾತು ಹಿಂಡಿ ತೆಗೆದ. ‘ಇನ್ನೊಂದ್ ಸಲ ಹಾಕು.’

ಹನ್ನೆರಡು ದಿನ, ದಿನಕ್ಕೆ ಎರಡು ಸಲ. ಹನ್ನೆರಡನೆಯ ದಿನ ಸಂಜೆ ಕೂಗು ಹಾಕಿದಾಗ ನಲವತ್ತೈದೂ ಒಂದರ ಮೇಲೊಂದು ಬಿದ್ದು ಬೇಲಿಯ ಆಚೆ ಮೂಲೆಗೆ ಓಡಿದವು. ಮುಳ್ಳು ಚುಚ್ಚಿದರೂ ಹಿಂದೆ ಬರಲಿಲ್ಲ.

ದವಡೆಯ ತಂತಿ ಬಿಚ್ಚಿದ್ದಾರೆ, ಮಾತು ಸೊಟ್ಟಗೆ ಬರುತ್ತದೆ. ಈಗ ಈರಕ್ಕ ತಟ್ಟೆ ಬಡಿದು ಮಂದೆ ಕರೆಯುತ್ತಾಳೆ, ಅವನು ದೂರದಲ್ಲಿ ಹಿಂದೆ ನಡೆಯುತ್ತಾನೆ. ಕುರಿಗಳ ಹತ್ತಿರವಿರುವಾಗ ಕೆಮ್ಮು ಬಂದರೂ ಟವಲನ್ನು ಬಾಯಿಗೆ ಒತ್ತಿಕೊಳ್ಳುತ್ತಾನೆ.